ಆರು ತಿಂಗಳು ಅಮೆರಿಕದಲ್ಲಿ: ಹಿರಿಯರು ದಿನಚರಿ, ಆರೋಗ್ಯ ಕಾಪಾಡಿಕೊಳ್ಳುವ ಬಗೆ

ಮಗಳ ಬಾಣಂತನಕ್ಕೋ, ಮೊಮ್ಮಕ್ಕಳ ಜೊತೆ ನಾಲ್ಕು ದಿನ ಇರೋಣ ಅಂತಲೋ ಅಮೆರಿಕಕ್ಕೆ ಹೊರಡುವ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಐದಾರು ತಿಂಗಳು ಅಲ್ಲಿರುತ್ತಾರೆ. ಪ್ರವಾಸ ಅನ್ನುವುದಕ್ಕೆ ಇದು ತೀರಾ ಉದ್ದ, ಸಂಸಾರ ಹೂಡುವುದಕ್ಕೆ ತೀರಾ ಗಿಡ್ಡ. ಊರಲ್ಲಿ ಹಾಲು, ಪೇಪರ್, ಐದೂವರೆಯ ವಾಕಿಂಗ್, ಹೂ ಮಾರುವವಳ ಕೂಗು, ಸಂಜೆಯ ಮಂಗಳಾರತಿ ಇವೆಲ್ಲ ಸೇರಿ ಹೊತ್ತು ಹೊತ್ತಿಗೆ ನಮ್ಮನ್ನು ಎಬ್ಬಿಸಿ, ನಡೆಸಿ, ಉಣ್ಣಿಸುತ್ತವೆ. ಅಲ್ಲಿ ಇದರಲ್ಲಿ ಒಂದೂ ಇರುವುದಿಲ್ಲ. ಮೊದಲು ನಡಿಗೆ ತಪ್ಪುತ್ತದೆ, ಆಮೇಲೆ ಊಟದ ಹೊತ್ತು, ಅದರ ಬೆನ್ನಿಗೆ ಮಾತ್ರೆ. ಎರಡು ತಿಂಗಳಾಗುವಷ್ಟರಲ್ಲಿ ಬಿಪಿ-ಶುಗರ್ ಏರಿರುತ್ತದೆ, ನಿದ್ದೆ ಕೆಟ್ಟಿರುತ್ತದೆ, ವಾಪಸ್ ಟಿಕೆಟ್ಟಿನ ದಿನ ಎಣಿಸುವುದು ಶುರುವಾಗಿರುತ್ತದೆ.

ಇದಕ್ಕೆ ಮದ್ದು ಒಂದೇ: ಏಳುವುದು, ಉಣ್ಣುವುದು, ಮನೆಯಿಂದ ಹೊರಗೆ ಕಾಲಿಡುವುದು, ಈ ಮೂರನ್ನೂ ಗಡಿಯಾರಕ್ಕೆ ಕಟ್ಟಿಹಾಕುವುದು. ಉಳಿದದ್ದು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಆದರೆ ಅದಕ್ಕೆ ಬೇಕಾದ ಸಿದ್ಧತೆ ಊರಿನಲ್ಲೇ ಆಗಬೇಕು.

ಹೊರಡುವ ಎರಡು ತಿಂಗಳ ಮೊದಲು

ಮೊದಲು ಹಲ್ಲು. ಸಂದರ್ಶಕರ ವಿಮೆ ಹಲ್ಲಿನ ಮಾಮೂಲಿ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ಅಲ್ಲಿನ ಖರ್ಚು ನಮ್ಮ ಎಣಿಕೆಗೆ ಮೀರಿದ್ದು. ರೂಟ್ ಕೆನಾಲ್, ಕ್ಯಾಪ್ ಅಂದರೆ ಮೂರು-ನಾಲ್ಕು ಸಲ ಹೋಗಬೇಕಾಗುತ್ತದೆ, ಆದ್ದರಿಂದ ಎಂಟು ವಾರ ಮುಂಚೆಯೇ ತೋರಿಸಿ. ಕಣ್ಣಿನ ಪರೀಕ್ಷೆ ಮಾಡಿಸಿ ಇನ್ನೊಂದು ಜೊತೆ ಕನ್ನಡಕ ಮಾಡಿಸಿಕೊಳ್ಳಿ. ಅಲ್ಲಿ ಕನ್ನಡಕ ಒಡೆದರೆ ಅಂಗಡಿಗೆ ಹೋಗಿ ನಂಬರ್ ಹೇಳಿ ಮಾಡಿಸಲು ಆಗುವುದಿಲ್ಲ, ವೈದ್ಯರ ಚೀಟಿ ಬೇಕು. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿಯದು), ಥೈರಾಯ್ಡ್, ಇಸಿಜಿ ಮಾಡಿಸಿ ವರದಿಗಳ ಫೋಟೊ ಮಕ್ಕಳ ಫೋನಿನಲ್ಲೂ ಇರಲಿ. ಅಲ್ಲಿ ಎಂದಾದರೂ ಎದೆ ಹಿಡಿದಂತಾಗಿ ಆಸ್ಪತ್ರೆಗೆ ಹೋದರೆ, ಹಳೆಯ ಇಸಿಜಿ ಕೈಯಲ್ಲಿದ್ದವರ ಕೆಲಸ ಅರ್ಧ ಸಲೀಸು.

ಮಾತ್ರೆಗಳ ವಿಷಯಕ್ಕೆ ಸ್ವಲ್ಪ ಹೆಚ್ಚೇ ಸಮಯ ಕೊಡಿ. ಅಮೆರಿಕದ ಔಷಧ ಇಲಾಖೆ ವೈಯಕ್ತಿಕ ಬಳಕೆಗೆ ಒಪ್ಪುವುದು ಸಾಮಾನ್ಯವಾಗಿ 90 ದಿನಗಳಿಗೆ ಸಾಕಾಗುವಷ್ಟು. ಅದಕ್ಕಿಂತ ಹೆಚ್ಚು ದಿನ ಇರುವ ವಿದೇಶಿಯರು ಉಳಿದದ್ದನ್ನು ಆಮೇಲೆ ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದು. ಆ ಪೊಟ್ಟಣದಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಇಂಗ್ಲಿಷ್‌ನಲ್ಲಿರುವ ವೈದ್ಯರ ಪತ್ರ, ಚೀಟಿ ಇರಬೇಕು. ಕಾಗದ ಇಲ್ಲದೆ ಕಳಿಸಿದ ಮಾತ್ರೆ ಕಸ್ಟಮ್ಸ್‌ನಲ್ಲೇ ಕೂರುತ್ತದೆ. ವೈದ್ಯರ ಪತ್ರದಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವ ಕಾಯಿಲೆಗೆ ಎಂಬುದು ಟೈಪ್ ಆಗಿರಲಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಎಲ್ಲವೂ ಕೈಚೀಲದಲ್ಲಿರಲಿ, ಇನ್ಸುಲಿನ್ ಅಂತೂ ಖಂಡಿತ ಕೈಚೀಲದಲ್ಲೇ. ಕಾರ್ಗೊದಲ್ಲಿ ಅದು ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಮ್ಮಲ್ಲಿ ಮನೆ ಮನೆಯಲ್ಲಿರುವ ಸಕ್ಕರೆ ಕಾಯಿಲೆಯ ಮಾತ್ರೆಗಳಾದ ಗ್ಲಿಕ್ಲಾಜೈಡ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಅಮೆರಿಕದಲ್ಲಿ ಸಿಗುವುದಿಲ್ಲ. ಮುಗಿದರೆ ಅಲ್ಲಿನ ಡಾಕ್ಟರು ಬೇರೆ ಮಾತ್ರೆಗೇ ಬದಲಿಸಬೇಕಾಗುತ್ತದೆ. ಮೆಟ್‌ಫಾರ್ಮಿನ್, ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್, ಲೆವೊಥೈರಾಕ್ಸಿನ್ ಅದೇ ಹೆಸರಲ್ಲಿ ಸಿಗುತ್ತವೆ, ಆದರೆ ಚೀಟಿ ಇಲ್ಲದೆ ಯಾವ ಅಂಗಡಿಯಲ್ಲೂ ಕೊಡುವುದಿಲ್ಲ. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ಟೈಲೆನಾಲ್ ಅಂದರೆ ಅದೇ. ಅಲ್ಲಿನ ಎಷ್ಟೋ ನೆಗಡಿ ಸಿರಪ್ಪುಗಳಲ್ಲೂ ಇದು ಬೆರೆತಿರುತ್ತದೆ. ಅದನ್ನು ಕುಡಿದು ಮೇಲಿಂದ ಡೋಲೊ 650 ನುಂಗಿದರೆ ಒಂದೇ ಔಷಧ ಎರಡು ಪಟ್ಟಾಗಿ ಯಕೃತ್ತಿಗೆ ಹೊರೆ. ಮೂಗು ಕಟ್ಟಿದ್ದಕ್ಕೆ ಕೊಡುವ ಫಿನೈಲ್‌ಎಫ್ರಿನ್, ಸೂಡೊಎಫೆಡ್ರಿನ್ ಇರುವ ಮಾತ್ರೆಗಳು ಬಿಪಿ ಏರಿಸುತ್ತವೆ. ಬಿಪಿ ಇದ್ದವರು ಉಪ್ಪುನೀರಿನ ಮೂಗಿನ ಸ್ಪ್ರೇ, ಹಬೆ ಇಷ್ಟರಲ್ಲೇ ಸುಧಾರಿಸಿಕೊಳ್ಳಿ. ಗ್ಲುಕೋಮೀಟರಿನ ಸ್ಟ್ರಿಪ್ಪುಗಳು ನಿಮ್ಮ ಮೆಷಿನ್ನಿಗೆ ಹೊಂದುವಂಥವು ಅಲ್ಲಿ ಸಿಗದೇ ಹೋಗಬಹುದು, ಆರು ತಿಂಗಳಿಗೆ ಸಾಕಾಗುವಷ್ಟು ಒಯ್ಯಿರಿ.

ಎಳೆ ಮಗು ಇರುವ ಮನೆಗೆ ಹೋಗುವವರು ನಾಯಿಕೆಮ್ಮು ತಡೆಯುವ ಟಿಡ್ಯಾಪ್ ಚುಚ್ಚುಮದ್ದನ್ನು ಮಗುವನ್ನು ಎತ್ತಿಕೊಳ್ಳುವ ಕನಿಷ್ಠ ಎರಡು ವಾರ ಮೊದಲು ಹಾಕಿಸಿಕೊಳ್ಳಬೇಕು. ದೊಡ್ಡವರಲ್ಲಿ ಬರೀ ಕೆಮ್ಮಾಗಿ ಕಾಣುವ ನಾಯಿಕೆಮ್ಮು ಎರಡು ತಿಂಗಳ ಕೂಸಿನ ಜೀವಕ್ಕೆ ಅಪಾಯ. ಮಕ್ಕಳ ವೈದ್ಯರು ಅಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಸೆಪ್ಟೆಂಬರ್ ನಂತರ ಹೋಗುವವರಿಗೆ ಫ್ಲೂ ಲಸಿಕೆಯೂ ಬೇಕು.

ವಿಮೆ ಕೊಳ್ಳುವಾಗ ಬೆಲೆ ನೋಡುವ ಮುಂಚೆ ಎರಡು ಸಂಗತಿ ನೋಡಿ. ಒಂದು, ಅದು ಪ್ರತಿ ಚಿಕಿತ್ಸೆಗೂ ಇಷ್ಟೇ ಎಂದು ಮಿತಿ ಹಾಕುವ ಪಾಲಿಸಿಯೋ, ಮೂಲ ಕಡಿತ (ನಾವೇ ಮೊದಲು ಭರಿಸಬೇಕಾದ ಮೊತ್ತ) ಕಳೆದು ಉಳಿದ ಬಿಲ್ಲಿನ ಬಹುಪಾಲು ಕೊಡುವ ಸಮಗ್ರ ಪಾಲಿಸಿಯೋ. ಮೊದಲನೆಯದು ಅಗ್ಗ, ಆದರೆ ಆಸ್ಪತ್ರೆ ಸೇರಿದ ದಿನ ಅದರ ಮಿತಿ ಬಿಲ್ಲಿನ ಮುಂದೆ ಏನೂ ಅಲ್ಲ. ಎರಡು, ಮೊದಲೇ ಇರುವ ಕಾಯಿಲೆಗೆ ಏನು ಕೊಡುತ್ತದೆ. ಬಹಳಷ್ಟು ಪಾಲಿಸಿಗಳು ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಕೊಡುತ್ತವೆ, ಅದಕ್ಕೂ ವಯಸ್ಸಿನ ಮಿತಿ ಇರುತ್ತದೆ. ಎಪ್ಪತ್ತು ದಾಟಿದವರ ಪಾಲಿಸಿಯಲ್ಲಿ ಈ ಸಾಲನ್ನು ಮಕ್ಕಳೇ ಕೂತು ಓದಬೇಕು.

ಪೆಟ್ಟಿಗೆಯ ಬಗ್ಗೆ ಒಂದೆರಡು ಮಾತು. ಕರಿಬೇವು, ವೀಳ್ಯದೆಲೆ, ಹಸಿ ತರಕಾರಿ-ಹಣ್ಣು, ಅಕ್ಕಿ ಒಯ್ಯಬೇಡಿ. ಕರಿಬೇವು ನಿಂಬೆಯ ಜಾತಿಯ ಗಿಡ, ಅದರ ಎಲೆಯ ಜೊತೆ ಬರುವ ಕೀಟ ಅಲ್ಲಿನ ಕಿತ್ತಳೆ ತೋಟಗಳಿಗೆ ರೋಗ ಹರಡುತ್ತದೆ, ಅಕ್ಕಿಯಲ್ಲಿ ಖಪ್ರಾ ಎಂಬ ಹುಳುವಿನ ಭಯ. ಚಟ್ನಿಪುಡಿ, ಸಾರಿನ ಪುಡಿ, ಹುರಿಹಿಟ್ಟು ಒಯ್ದರೆ ತಿನ್ನುವ ಪದಾರ್ಥ ಇದೆ ಎಂದು ಕೇಳುವ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರಷ್ಟೇ ದಂಡ. ದುಬೈ, ಅಬುಧಾಬಿ, ಸಿಂಗಪುರದ ಮೇಲೆ ಹೋಗುವವರ ಚೀಲದಲ್ಲಿ ಗಸಗಸೆಯ ಒಂದು ಕಾಳೂ ಇರಬಾರದು, ಅಲ್ಲಿ ಅದು ನಿಷಿದ್ಧ ವಸ್ತು. ಟ್ರಮಡಾಲ್‌ನಂಥ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇದ್ದವರೂ ಆ ದೇಶಗಳ ನಿಯಮ ನೋಡಿಕೊಂಡೇ ಟಿಕೆಟ್ ಮಾಡಿಸಿ.

ವಿಮಾನದಲ್ಲಿ

ಬೆಂಗಳೂರಿನ ಮನೆಯಿಂದ ಮಕ್ಕಳ ಮನೆಯ ಬಾಗಿಲಿಗೆ ಒಂದು ಹಗಲು ಒಂದು ರಾತ್ರಿ ಎಂದುಕೊಳ್ಳಿ. ಅಷ್ಟು ಹೊತ್ತು ಮಡಚಿದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೇ ದೊಡ್ಡ ಅಪಾಯ. ಮೊಣಕಾಲಿನ ತನಕ ಬರುವ 15–20 ಎಂಎಂ ಎಚ್‌ಜಿ ಒತ್ತಡದ ಕಂಪ್ರೆಷನ್ ಕಾಲುಚೀಲ ಹಾಕಿಕೊಳ್ಳಿ (ಕಾಲಿನ ರಕ್ತನಾಳದ ತೊಂದರೆ ಇರುವವರು ವೈದ್ಯರನ್ನು ಕೇಳಿ). ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ, ಎಚ್ಚರ ಇರುವಾಗಲೆಲ್ಲ ಗಂಟೆ-ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯದೆ ಕೂರುವವರು ಬಹಳ. ಅದೇ ತಪ್ಪು. ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡಿಸುವಾಗಲೇ ಕೇಳಿ, ಅದರಲ್ಲಿ ಸಂಕೋಚ ಬೇಡ. ನಡೆಯುವ ಶಕ್ತಿ ಇದ್ದವರಿಗೂ ದೊಡ್ಡ ವಿಮಾನ ನಿಲ್ದಾಣದಲ್ಲಿ ಗೇಟು ಹುಡುಕುವುದು, ವಲಸೆ ಅಧಿಕಾರಿಯ ಮುಂದೆ ಮಾತಾಡುವುದು ಇದರಿಂದ ಹಗುರಾಗುತ್ತದೆ.

ಬಿಪಿ, ಥೈರಾಯ್ಡ್‌ನಂಥ ದಿನಕ್ಕೊಂದು ಮಾತ್ರೆ ಕೆಲವು ಗಂಟೆ ಆಚೀಚೆ ಆದರೆ ತೊಂದರೆಯಿಲ್ಲ, ತಪ್ಪಿತೆಂದು ಎರಡು ನುಂಗಬಾರದು ಅಷ್ಟೆ. ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ, ಮೂರ್ಛೆ ರೋಗ ಅಥವಾ ಪಾರ್ಕಿನ್ಸನ್ ಮಾತ್ರೆ ತೆಗೆದುಕೊಳ್ಳುವವರ ಲೆಕ್ಕ ಬೇರೆ. ಪಶ್ಚಿಮಕ್ಕೆ ಹಾರುವಾಗ ದಿನ ಸುಮಾರು ಹತ್ತರಿಂದ ಹದಿಮೂರು ಗಂಟೆ ಉದ್ದವಾಗುತ್ತದೆ. ಆ ದಿನಕ್ಕೆ ಗಂಟೆ ಗಂಟೆಯ ಪಟ್ಟಿಯನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ಅಮೆರಿಕದಲ್ಲಿ ಇಳಿದ ವಾರದೊಳಗೆ ಮಕ್ಕಳಿಗೆ ಹೇಳಿ ಐ-94 ದಾಖಲೆಯನ್ನು ಆನ್‌ಲೈನಿನಲ್ಲಿ ತೆಗೆಸಿ ನೋಡಿ. ವೀಸಾ ಹತ್ತು ವರ್ಷದ್ದಿರಬಹುದು, ಆದರೆ ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಐ-94ರ ತಾರೀಕು ಮಾತ್ರ.

ಮೊದಲ ಹತ್ತು ದಿನ

ಮೈಯೊಳಗಿನ ಗಡಿಯಾರ ದಿನಕ್ಕೆ ಒಂದು, ಒಂದೂವರೆ ಗಂಟೆಯಷ್ಟೇ ಸರಿಯುತ್ತದೆ. ನ್ಯೂಜೆರ್ಸಿ, ಬಾಸ್ಟನ್ ಕಡೆಗೆ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಕ್ಯಾಲಿಫೋರ್ನಿಯಾಕ್ಕೆ ಹನ್ನೆರಡೂವರೆ, ಹದಿಮೂರೂವರೆ. ಆದ್ದರಿಂದ ಒಂದು ವಾರದಿಂದ ಹತ್ತು ದಿನ ಸಂಜೆ ನಾಲ್ಕಕ್ಕೆ ಕಣ್ಣು ಎಳೆಯುವುದು, ನಡುರಾತ್ರಿ ಎರಡಕ್ಕೆ ಹಸಿವಾಗಿ ಎಚ್ಚರವಾಗುವುದು ಸಹಜ. ಅದನ್ನು ಮೂರು ವಾರಕ್ಕೆ ಎಳೆಯುವುದು ನಮ್ಮದೇ ಎರಡು ಅಭ್ಯಾಸ: ಮಧ್ಯಾಹ್ನ ಪರದೆ ಎಳೆದು ಮೂರು ಗಂಟೆ ಮಲಗುವುದು, ರಾತ್ರಿ ಎದ್ದು ದೀಪ ಹಾಕಿ ಫೋನ್ ಹಿಡಿಯುವುದು.

ಇಳಿದ ದಿನದಿಂದಲೇ ಮಧ್ಯಾಹ್ನದ ಬೆಳಕಿನಲ್ಲಿ ಅರ್ಧ ಗಂಟೆಯಾದರೂ ಹೊರಗಿರಿ. ಕಿಟಕಿಯ ಒಳಗಿನ ಬೆಳಕು ಸಾಲದು. ತಡೆಯಲಾರದ ನಿದ್ದೆ ಬಂದರೆ ಅಲಾರಾಂ ಇಟ್ಟು 20–30 ನಿಮಿಷ, ಅದೂ ಮೂರು ಗಂಟೆಯ ಒಳಗೆ. ರಾತ್ರಿ ಒಂಬತ್ತರ ತನಕ ಹೇಗಾದರೂ ಎಚ್ಚರವಾಗಿದ್ದುಬಿಡಿ. ನಡುರಾತ್ರಿ ಹಸಿವಾದರೆ ಒಂದು ಲೋಟ ಹಾಲು ಅಥವಾ ಮಜ್ಜಿಗೆ, ಎರಡು ಬಿಸ್ಕತ್ತು ಸಾಕು. ಆ ಹೊತ್ತಿನಲ್ಲಿ ಅನ್ನ-ಸಾರು ಉಂಡರೆ ಹೊಟ್ಟೆಯ ಗಡಿಯಾರ ಊರಿನಲ್ಲೇ ನಿಂತುಬಿಡುತ್ತದೆ, ಸಕ್ಕರೆ ಕಾಯಿಲೆಯವರಿಗೆ ಬೆಳಗಿನ ಶುಗರ್ ಲೆಕ್ಕವೂ ತಪ್ಪುತ್ತದೆ. ಈ ಹತ್ತು ದಿನ ಶುಗರ್ ಮಾಮೂಲಿಗಿಂತ ಹೆಚ್ಚು ಸಲ ನೋಡಿಕೊಳ್ಳಿ. ಅಲ್ಲಿ ಚೀಟಿಯಿಲ್ಲದೆ ಸಿಗುವ ಮೆಲಟೋನಿನ್ ಎಂಬ ನಿದ್ದೆಯ ಮಾತ್ರೆಯನ್ನು ಮಕ್ಕಳು ಪ್ರೀತಿಯಿಂದ ಕೊಟ್ಟರೂ ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ವೈದ್ಯರನ್ನು ಕೇಳದೆ ನುಂಗಬೇಡಿ.

ದಿನಕ್ಕೆ ಗಡಿಯಾರ, ಸೂರ್ಯನಲ್ಲ

ನಮ್ಮಲ್ಲಿ ವರ್ಷವಿಡೀ ಸಂಜೆ ಆರು, ಆರೂಮುಕ್ಕಾಲರ ನಡುವೆ ದೀಪ ಹಚ್ಚುವ ಹೊತ್ತು ಆಗಿಬಿಡುತ್ತದೆ. ಸಿಯಾಟಲ್‌ನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ, ಡಿಸೆಂಬರಿನಲ್ಲಿ ನಾಲ್ಕೂಕಾಲು, ನಾಲ್ಕೂವರೆಗೇ ಕತ್ತಲೆ. ಕತ್ತಲಾದ ಮೇಲೆ ದೇವರ ದೀಪ, ದೀಪ ಆದ ಮೇಲೆ ಊಟ ಎಂದು ಕಾದರೆ ಬೇಸಿಗೆಯಲ್ಲಿ ಊಟ ಹತ್ತಕ್ಕೆ ಜಾರುತ್ತದೆ, ಚಳಿಗಾಲದಲ್ಲಿ ಐದಕ್ಕೇ ಮಂಕು ಕವಿದು ಮಲಗುವ ಹಾಗಾಗುತ್ತದೆ. ಬೆಳಿಗ್ಗೆ ಆರಕ್ಕೆ ಏಳುವುದು, ಎಂಟಕ್ಕೆ ತಿಂಡಿ, ಹನ್ನೆರಡೂವರೆಗೆ ಊಟ, ಸಂಜೆ ಆರೂವರೆಗೆ ದೀಪ, ಏಳೂಕಾಲಿಗೆ ಊಟ ಎಂದು ಗಂಟೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಾತ್ರೆಗಳನ್ನು ಈ ಊಟಗಳಿಗೇ ಜೋಡಿಸಿ, ವಾರದ ಏಳು ಖಾನೆಯ ಡಬ್ಬಿಯಲ್ಲಿ ಭಾನುವಾರ ತುಂಬಿಡಿ. ಥೈರಾಯ್ಡ್ ಮಾತ್ರೆಗೆ ಮತ್ತು ಕಾಫಿಗೆ ನಡುವೆ ಅರ್ಧದಿಂದ ಒಂದು ಗಂಟೆ ಬಿಡಬೇಕೆಂಬುದು ಅಲ್ಲೂ ಬದಲಾಗುವುದಿಲ್ಲ.

ಮಕ್ಕಳು ಕೆಲಸದಿಂದ ಬಂದ ಮೇಲೆ ಒಟ್ಟಿಗೆ ಉಣ್ಣೋಣ ಎಂದು ಕಾಯುವುದು ತಾಯಂದಿರ ಸ್ವಭಾವ. ಅವರು ಬರುವುದು ಎಂಟೂವರೆಯಾಗಬಹುದು. ನೀವು ಹೊತ್ತಿಗೆ ಉಂಡು, ಅವರ ಜೊತೆ ಕೂತು ಒಂದು ಬಟ್ಟಲು ಮಜ್ಜಿಗೆ ಕುಡಿಯಿರಿ. ಶನಿವಾರ-ಭಾನುವಾರ ಒಟ್ಟಿಗೆ ಎಲೆ ಹಾಕಿದರಾಯಿತು.

ಏಕಾದಶಿ, ಸಂಕಷ್ಟಿ, ಶ್ರಾದ್ಧದ ತಿಥಿ ನೋಡುವವರು ಊರಿನ ಕ್ಯಾಲೆಂಡರನ್ನು ಹಾಗೆಯೇ ಅನುಸರಿಸಿದರೆ ದಿನ ತಪ್ಪುತ್ತದೆ. ತಿಥಿ ಹಿಡಿಯುವುದು ಇರುವ ಊರಿನ ಸೂರ್ಯೋದಯದ ಮೇಲೆ, ಸಂಕಷ್ಟಿಗೆ ಚಂದ್ರೋದಯವೂ ಅಲ್ಲಿನದೇ ಬೇಕು. ಹೀಗಾಗಿ ಬಹಳ ಸಲ ಅಲ್ಲಿ ಒಂದು ದಿನ ಮೊದಲೇ ಬಂದಿರುತ್ತದೆ. ಊರಿನ ಹೆಸರು ಹಾಕಿದರೆ ಲೆಕ್ಕ ಮಾಡಿಕೊಡುವ ಆನ್‌ಲೈನ್ ಪಂಚಾಂಗ, ಇಲ್ಲವೇ ಹತ್ತಿರದ ದೇವಸ್ಥಾನದ ಕ್ಯಾಲೆಂಡರ್ ನೋಡಿ.

ಅಡುಗೆಮನೆ

ಬಾಯಿಗೆ ರುಚಿಸುವ ಮೊಸರು, ಹದವಾಗಿ ಉಬ್ಬಿದ ಇಡ್ಲಿ ಇದ್ದರೆ ಅರ್ಧ ಊರು ಜೊತೆಯಲ್ಲೇ ಇದ್ದಂತೆ. ಆದರೆ 20 ಡಿಗ್ರಿಯ ಮನೆಯಲ್ಲಿ ಎರಡೂ ಸುಮ್ಮನೆ ಇಟ್ಟರೆ ಆಗುವುದಿಲ್ಲ.

ಮೊಸರಿಗೆ ಕೆನೆ ತೆಗೆಯದ ಹಾಲು ಒಂದು ಲೀಟರ್ ಉಕ್ಕುವ ತನಕ ಕಾಯಿಸಿ, 43–45 ಡಿಗ್ರಿಗೆ ಇಳಿಯಲು ಬಿಡಿ. ಬೆರಳು ಅದ್ದಿ ಹತ್ತು ಎಣಿಸುವಷ್ಟು ತಾಳುವ ಬಿಸಿ ಅದು. ಹೆಪ್ಪಿಗೆ ಅಂಗಡಿಯ ಸಾದಾ ಯೋಗರ್ಟ್ ಎರಡು ಚಮಚ ಸಾಕು, ಡಬ್ಬದ ಮೇಲೆ ಜೀವಂತ ಬ್ಯಾಕ್ಟೀರಿಯಾ ಇದೆ ಎಂದು ಬರೆದಿರಬೇಕು. ಜೆಲಟಿನ್, ಪೆಕ್ಟಿನ್ ಸೇರಿಸಿ ಗಟ್ಟಿ ಮಾಡಿದ್ದು ಬೇಡ. ಜೆಲಟಿನ್ ಪ್ರಾಣಿಜನ್ಯ ಎಂಬುದನ್ನೂ ಸಸ್ಯಾಹಾರಿಗಳು ಗಮನಿಸಿ. ಪಾತ್ರೆಯನ್ನು ಟವೆಲ್ಲಿನಲ್ಲಿ ಸುತ್ತಿ, ಆರಿಸಿದ ಅವನ್ನಿನೊಳಗೆ ಅದರ ದೀಪ ಮಾತ್ರ ಹೊತ್ತಿಸಿ ಆರರಿಂದ ಎಂಟು ಗಂಟೆ ಅಲುಗಾಡಿಸದೆ ಇಡಿ. ಎರಡು ಮೂರು ಸಲ ಆದ ಮೇಲೆ ನಮ್ಮ ಮನೆಯ ಮೊಸರಿನ ಹುಳಿ ಬರುತ್ತದೆ. ಲೋಳೆ ಬಂದರೆ ಹೆಪ್ಪು ಹಾಕಿದಾಗ ಶಾಖ ಕಡಿಮೆಯಿತ್ತು, ನೀರು ಒಡೆದರೆ ಹೆಚ್ಚಾಗಿತ್ತು ಅಥವಾ ಬಹಳ ಹೊತ್ತು ಬಿಟ್ಟಿರಿ ಎಂದರ್ಥ.

ಇಡ್ಲಿಗೆ ಮೂರು ಲೋಟ ಇಡ್ಲಿ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ಐದಾರು ಗಂಟೆ ನೆನೆಸಿ. ಬ್ಲೆಂಡರಿನಲ್ಲಿ ಉದ್ದು ರುಬ್ಬುವಾಗ ಬಿಸಿಯಾಗಿ ನೊರೆ ಸತ್ತುಹೋಗುತ್ತದೆ, ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಹಿಟ್ಟು ಪಾತ್ರೆಯ ಅರ್ಧಕ್ಕಿಂತ ಮೇಲೆ ಬರಬಾರದು. ಅದೇ ದೀಪದ ಅವನ್ನಿನಲ್ಲಿ ಚಳಿಗಾಲಕ್ಕೆ 12–14 ಗಂಟೆ ಬೇಕು. ಉಬ್ಬದಿದ್ದರೆ ಹಿಟ್ಟನ್ನು ಬೈಯುವ ಮುಂಚೆ ಅವನ್ನಿನ ದೀಪ ನೋಡಿ: ಹೊಸ ಅವನ್ನುಗಳಲ್ಲಿ ಎಲ್‌ಇಡಿ ಇರುತ್ತದೆ, ಅದು ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಅಂಥ ಮನೆಯಲ್ಲಿ ಇನ್‌ಸ್ಟಂಟ್ ಪಾಟ್ ಎಂಬ ವಿದ್ಯುತ್ ಕುಕ್ಕರಿನ ಯೋಗರ್ಟ್ ಗುಂಡಿ ಒತ್ತಿ ಎಂಟು-ಹತ್ತು ಗಂಟೆ ಇಡಿ, ಆದರೆ ಪ್ರೆಷರ್ ಮುಚ್ಚಳ ಬಿಗಿಯದೆ ಗಾಜಿನ ಮುಚ್ಚಳ ಹಾಕಿ. ಇಲ್ಲದಿದ್ದರೆ ಉಬ್ಬಿದ ಹಿಟ್ಟು ವಾಲ್ವಿಗೆ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಒಳಗೆ ಹಿಟ್ಟಿದೆ ಎಂದು ಅವನ್ನಿನ ಗುಂಡಿಯ ಮೇಲೆ ಚೀಟಿ ಅಂಟಿಸಿಯೇ ಮಲಗಿ. ಬೆಳಿಗ್ಗೆ ಯಾರಾದರೂ ಗೊತ್ತಿಲ್ಲದೆ ಅವನ್ ಕಾಯಿಸಿಬಿಡುತ್ತಾರೆ.

ರಾಗಿಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡರಿಂದ ಎರಡೂಕಾಲು ಲೋಟ ನೀರು. ವಿದ್ಯುತ್ ಒಲೆಯ ತಟ್ಟೆ ಆರಿಸಿದ ಮೇಲೂ ಬಹಳ ಹೊತ್ತು ಕಾದಿರುವುದರಿಂದ ತಳ ಹಿಡಿಯುತ್ತದೆ, ಹಿಟ್ಟು ಹಾಕಿದ ಕೂಡಲೇ ಉರಿಯನ್ನು ಅತಿ ಕಡಿಮೆಗೆ ಇಳಿಸಿ. ಊರಿನ ಮಿಕ್ಸಿ ಒಯ್ಯಬೇಡಿ. ಅದು 230 ವೋಲ್ಟಿನದು, ಅಲ್ಲಿರುವುದು 120 ವೋಲ್ಟ್. ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ.

ಒಗ್ಗರಣೆಯ ಹೊಗೆಗೆ ಮನೆಯ ಅಲಾರಾಂ ಕಿರುಚುವುದು ಎಲ್ಲ ಕನ್ನಡದ ಮನೆಗಳಿಗೂ ಪರಿಚಿತ. ಎಣ್ಣೆ ಇಡುವ ಮುಂಚೆಯೇ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಕೆಲವು ಒಲೆಗಳ ಮೇಲಿನ ಫ್ಯಾನು ಗಾಳಿಯನ್ನು ಹೊರಗೆ ತಳ್ಳದೆ ಒಳಗೇ ತಿರುಗಿಸುತ್ತದೆ, ಅಲ್ಲಿ ಕಿಟಕಿಯೇ ಗತಿ. ಅಲಾರಾಮಿನ ಬ್ಯಾಟರಿ ತೆಗೆದಿಡುವ ಉಪಾಯ ಮಾತ್ರ ಎಂದೂ ಬೇಡ, ಮರದ ಮನೆಗಳು ಅವು. ಧೂಪ, ಊದುಬತ್ತಿ ಕಿಟಕಿಯ ಹತ್ತಿರ, ದೇವರ ದೀಪ ನೀವು ಎದುರಿಗಿರುವಷ್ಟು ಹೊತ್ತು ಮಾತ್ರ.

ಹೊರಗಿನ ಡಬ್ಬಿ ತಿಂಡಿಗಳ ಚೀಟಿಯಲ್ಲಿ ಸೋಡಿಯಂ ಎಂಬ ಸಾಲು ಓದಲು ಕಲಿಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 2000 ಮಿಲಿಗ್ರಾಂ, ಅಂದರೆ ಸುಮಾರು ಐದು ಗ್ರಾಂ ಉಪ್ಪು. ಬ್ರೆಡ್ಡು, ಸೂಪು, ಚೀಸು ಸೇರಿದರೆ ಉಪ್ಪಿನಕಾಯಿ ಮುಟ್ಟುವ ಮೊದಲೇ ಅದು ದಾಟಿರುತ್ತದೆ. ಅಲ್ಲಿಗೆ ಹೋದ ಮೊದಲ ತಿಂಗಳುಗಳಲ್ಲೇ ಬಿಪಿ ಏರುವುದಕ್ಕೆ ಇದೂ ಒಂದು ಕಾರಣ.

ಸ್ನಾನ, ಚಳಿ, ಚರ್ಮ

ಅಲ್ಲಿನ ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ತೂತು ಇರುವುದಿಲ್ಲ. ಟಬ್ಬಿನ ಹೊರಗೆ ಚೆಲ್ಲಿದ ನೀರು ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ಪರದೆಯ ಅಂಚು ಟಬ್ಬಿನ ಒಳಗೆ ಇರಲಿ. ಚೊಂಬಿನ ಸ್ನಾನ ಬೇಕಿದ್ದರೆ ಟಬ್ಬಿನ ಒಳಗೇ ಬಕೆಟ್ ಮತ್ತು ಸ್ನಾನದ ಸ್ಟೂಲು. ಎಣ್ಣೆಸ್ನಾನ ಮಾಡುವವರು ಎಚ್ಚರ: ಎಣ್ಣೆ ತಾಗಿದ ಟಬ್ಬು ಜಾರುವಷ್ಟು ಬೇರೆ ಯಾವುದೂ ಜಾರದು, ಸೊಂಟದ ಮೂಳೆ ಮುರಿದರೆ ಆರು ತಿಂಗಳೂ ಆಸ್ಪತ್ರೆಯ ಪಾಲು. ರಬ್ಬರ್ ಚಾಪೆ ಹಾಕಿ, ಗೋಡೆಗೆ ಹಿಡಿಕೆ ಹಾಕಿಸಿ, ಎಣ್ಣೆಯನ್ನು ಹೊರಗೆ ಹಳೆಯ ಟವೆಲ್ಲಿನ ಮೇಲೆ ಕೂತು ಹಚ್ಚಿ, ಒರೆಸಿಕೊಂಡು ಒಳಗೆ ಹೋಗಿ. ಮುಗಿದ ಮೇಲೆ ಸೋಪಿನಿಂದ ಟಬ್ಬು ತೊಳೆಯದೆ ಬಿಡಬೇಡಿ, ಮುಂದಿನವರು ಜಾರುತ್ತಾರೆ.

ಹೀಟರ್ ಓಡುವ ತಿಂಗಳುಗಳಲ್ಲಿ ಮನೆಯ ಗಾಳಿ ಒಣಗಿ ಮೂಗಿನಲ್ಲಿ ರಕ್ತ, ಹಿಮ್ಮಡಿ ಬಿರುಕು, ಮೈ ತುರಿಕೆ ಶುರುವಾಗುತ್ತದೆ. ಮಲಗುವ ಕೋಣೆಯಲ್ಲಿ ಹ್ಯುಮಿಡಿಫೈಯರ್ ಇಟ್ಟು ತೇವಾಂಶವನ್ನು 40 ಶೇಕಡಾ ಆಸುಪಾಸಿನಲ್ಲಿಡಿ, ಕಿಟಕಿ ಗಾಜಿನ ಮೇಲೆ ನೀರು ಕಟ್ಟಿದರೆ ಹೆಚ್ಚಾಯಿತೆಂದು ಕಡಿಮೆ ಮಾಡಿ. ಅದರ ನೀರನ್ನು ದಿನಾ ಬದಲಿಸಿ. ಸುಡುನೀರಿನ ಉದ್ದ ಸ್ನಾನ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಹತ್ತು ನಿಮಿಷದ ಉಗುರುಬೆಚ್ಚಗಿನ ಸ್ನಾನ, ಮೈ ಪೂರ್ತಿ ಒಣಗುವ ಮೊದಲೇ ಕೊಬ್ಬರಿ ಎಣ್ಣೆ. 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗುವುದರಿಂದ ಅಗಲ ಬಾಯಿಯ ಡಬ್ಬಿಯಲ್ಲಿರಲಿ.

ನಡಿಗೆ

ದಿನಕ್ಕೆ ಒಟ್ಟು 30–40 ನಿಮಿಷ, ಎರಡು ಕಂತಿನಲ್ಲಾದರೂ ಸರಿ. ಬೆಳಗಿನ ಕತ್ತಲಲ್ಲಿ ಹೊರಡುವ ಅಭ್ಯಾಸ ಬಿಟ್ಟು ಬೆಳಕಾದ ಮೇಲೆ ಹೊರಡಿ. ಕಾಲುದಾರಿ ಇಲ್ಲದ ಬಡಾವಣೆಗಳಲ್ಲಿ ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಎಡಬದಿಯಲ್ಲಿ ನಡೆಯಬೇಕು. ವಾಹನ ಬಲಬದಿಯಲ್ಲಿ ಓಡುವ ಊರಿನಲ್ಲಿ ರಸ್ತೆ ದಾಟುವಾಗ ಮೊದಲು ನೋಡಬೇಕಾದ್ದು ಎಡಕ್ಕೆ. ಒಗ್ಗಿಹೋದ ಕತ್ತು ಬಲಕ್ಕೇ ತಿರುಗುತ್ತದೆ, ಆದ್ದರಿಂದ ಎರಡೂ ಕಡೆ ಎರಡೆರಡು ಸಲ ನೋಡಿ. ಎಷ್ಟೋ ಮನೆಗಳ ಮುಂಬಾಗಿಲು ಎಳೆದ ಕೂಡಲೇ ತಾನೇ ಬೀಗ ಹಾಕಿಕೊಳ್ಳುತ್ತದೆ. ಕೀಲಿ, ಫೋನ್, ಮನೆಯ ವಿಳಾಸ ಬರೆದ ಚೀಟಿ, ಶುಗರ್ ಇರುವವರಿಗೆ ಎರಡು ಸಿಹಿ ಗೋಲಿ ಜೇಬಿನಲ್ಲೇ ಇರಲಿ.

ಹಿಮಕ್ಕಿಂತ ಅಪಾಯ, ಹಿಮ ಕರಗಿ ರಾತ್ರಿ ಮತ್ತೆ ಹೆಪ್ಪಾದ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯ ಪದರ. ಸ್ಯಾಂಡಲ್, ನುಣುಪು ತಳದ ಶೂ ಬಿಟ್ಟು ಹಲ್ಲಿರುವ ತಳದ ಶೂ ಹಾಕಿ. ಒಂದು ದಪ್ಪ ಸ್ವೆಟರಿನ ಬದಲು ಒಳಗೆ ಥರ್ಮಲ್, ನಡುವೆ ಉಣ್ಣೆ, ಮೇಲೆ ಗಾಳಿ ತಡೆಯುವ ಜಾಕೆಟ್. ಸೀರೆ ಉಡುವವರು ಒಳಗೆ ಥರ್ಮಲ್ ಲೆಗಿಂಗ್ಸ್ ಹಾಕಿ. ಗಾಳಿ ಸೇರಿ ಮೈನಸ್ ಹತ್ತಕ್ಕಿಂತ ಕೆಳಗಿಳಿದ ದಿನ, ಹೃದ್ರೋಗ ಅಥವಾ ಉಬ್ಬಸ ಇದ್ದವರಂತೂ, ಮಾಲ್ ಅಥವಾ ದೊಡ್ಡ ಅಂಗಡಿಯೊಳಗೆ ನಡೆಯಿರಿ. ಟೆಕ್ಸಾಸ್, ಅರಿಜೋನಾದ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರ ಒಳಗೆ ಮುಗಿಸಬೇಕು.

ಎಳೆ ಮಗು ಇದ್ದರೆ

ಬಾಣಂತನಕ್ಕೆ ಹೋದವರ ದಿನಚರಿ ಮುರಿಯುವುದು ರಾತ್ರಿಯಲ್ಲಿ. ಮಗುವನ್ನು ನಾನೇ ನೋಡಿಕೊಳ್ಳುತ್ತೇನೆ, ನೀವು ಮಲಗಿ ಎಂದು ಇಡೀ ರಾತ್ರಿ ಹೊತ್ತುಕೊಂಡ ಅಜ್ಜಿ ಮೂರನೇ ವಾರಕ್ಕೆ ತಾನೇ ಹಾಸಿಗೆ ಹಿಡಿಯುತ್ತಾಳೆ. ರಾತ್ರಿಯನ್ನು ಪಾಳಿಯಾಗಿ ಹಂಚಿ: ಒಂಬತ್ತರಿಂದ ಎರಡರ ತನಕ ಮಗುವಿನ ಅಪ್ಪ, ಎರಡರಿಂದ ಬೆಳಗಿನ ತನಕ ಅಜ್ಜಿ, ಅಥವಾ ಅದಲುಬದಲು. ಯಾರಿಗೇ ಆಗಲಿ ಒಂದೇ ಪಟ್ಟಿನಲ್ಲಿ ಐದು ಗಂಟೆ ನಿದ್ದೆ ಸಿಗಬೇಕು. ಅಳಿಯನಿಂದ ಕೆಲಸ ಮಾಡಿಸುವುದೇ ಎಂಬ ಸಂಕೋಚಕ್ಕೆ ಇಲ್ಲಿ ಜಾಗವಿಲ್ಲ.

ಮಗುವನ್ನು ಅಂಗಾತ, ಪ್ರತ್ಯೇಕ ತೊಟ್ಟಿಲಿನಲ್ಲಿ, ದಿಂಬು-ಹೊದಿಕೆ-ಗೊಂಬೆ ಇಲ್ಲದೆ ಮಲಗಿಸಬೇಕೆಂದು ಅಲ್ಲಿನ ವೈದ್ಯರು ಹೇಳುವುದು ಉಸಿರುಗಟ್ಟುವ ಸಾವನ್ನು ತಡೆಯಲಿಕ್ಕೆ. ಆರು ತಿಂಗಳ ತನಕ ನೀರು ಬೇಡ, ವರ್ಷದ ತನಕ ಜೇನು ಬೇಡ, ಕಾಡಿಗೆಯಲ್ಲಿ ಸೀಸ ಇರಬಹುದು, ಸಾಂಬ್ರಾಣಿ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ನಮ್ಮ ಎಣ್ಣೆ ನೀವುವಿಕೆ, ಜೋಗುಳ, ಬಾಣಂತಿಯ ಬಿಸಿ ಸಾರು, ಮೆಣಸು-ಶುಂಠಿಯ ಊಟ ಯಾವುದಕ್ಕೂ ಅಡ್ಡಿಯಿಲ್ಲ. ಮಗುವಿನ ಮೊದಲ ವೈದ್ಯರ ಭೇಟಿಗೆ ಅಜ್ಜಿಯೂ ಹೋಗಿ ಕೇಳಿಸಿಕೊಂಡರೆ ಮನೆಯ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಒಂಟಿತನ

ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಎಂಟು ಗಂಟೆ ನಿಶ್ಶಬ್ದ. ಕಾರು ಇಲ್ಲ, ಮಾತಿಗೆ ಜನ ಇಲ್ಲ. ವಾರದಲ್ಲಿ ಎರಡು ದಿನವಾದರೂ ಮನೆಯವರಲ್ಲದವರ ಮುಖ ನೋಡುವ ಏರ್ಪಾಡನ್ನು ಮೊದಲ ತಿಂಗಳಲ್ಲೇ ಮಾಡಿಕೊಳ್ಳಬೇಕು. ಮೊದಲ ಜಾಗ ಊರಿನ ಸಾರ್ವಜನಿಕ ಗ್ರಂಥಾಲಯ. ಒಳಗೆ ಕೂತು ಓದಲು ದುಡ್ಡಿಲ್ಲ, ಬೆಚ್ಚಗಿರುತ್ತದೆ, ಇಂಗ್ಲಿಷ್ ಮಾತಾಡಿ ರೂಢಿ ಮಾಡಿಕೊಳ್ಳುವ ಉಚಿತ ಕೂಟಗಳು ಎಷ್ಟೋ ಕಡೆ ಇವೆ. ಹತ್ತಿರದ ಕನ್ನಡ ಕೂಟವನ್ನು ಹುಡುಕಿ. ಈ ಕೂಟಗಳ ಒಕ್ಕೂಟವೇ 'ಅಕ್ಕ'. ಕೂಟಗಳು ನಡೆಸುವ ವಾರಾಂತ್ಯದ ಕನ್ನಡ ಶಾಲೆಗೆ ಕಥೆ ಹೇಳುವ, ಅಕ್ಷರ ತಿದ್ದಿಸುವ ಅಜ್ಜ-ಅಜ್ಜಿಯರು ಯಾವಾಗಲೂ ಬೇಕು. ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನ, ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನದಂಥ ಜಾಗಗಳಲ್ಲಿ ಪೂಜೆಯ ಜೊತೆಗೆ ನಮ್ಮ ಕಡೆಯ ಮಾತೂ ಕಿವಿಗೆ ಬೀಳುತ್ತದೆ.

ಊರಿಗೆ ಫೋನ್ ಮಾಡಲು ಹೊತ್ತು ಗೊತ್ತುಮಾಡಿ. ಊರಿನ ಬೆಳಿಗ್ಗೆ ಏಳೂವರೆ ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಹತ್ತು, ಚಳಿಗಾಲದಲ್ಲಿ ಒಂಬತ್ತು. ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಏಳು, ಆರು. ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಬದಲಾಗುತ್ತದೆ. ಊರಿನ ಸಿಮ್ಮನ್ನು ರೋಮಿಂಗ್ ಮಾಡಿಸಿ ಜೀವಂತವಾಗಿಡಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ನವೆಂಬರಿನಲ್ಲಿ ಅಲ್ಲಿರುವ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಹೇಗೆ ಕೊಡಬೇಕೆಂದು ಹೊರಡುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಇಂಥ ಸಣ್ಣ ಚಿಂತೆಗಳೇ ರಾತ್ರಿ ನಿದ್ದೆ ಕೆಡಿಸುವುದು.

ಎರಡು ವಾರಕ್ಕಿಂತ ಹೆಚ್ಚು ಕಾಲ ಊಟ ಸೇರದೆ, ಮಾತು ಕಡಿಮೆಯಾಗಿ, ಹಗಲೆಲ್ಲ ಮಲಗಿಯೇ ಇದ್ದರೆ ಅದನ್ನು ಊರಿನ ನೆನಪು ಎಂದು ಮಕ್ಕಳು ತಳ್ಳಿಹಾಕಬಾರದು. ಊರಿನ ವೈದ್ಯರ ಜೊತೆ ವಿಡಿಯೊದಲ್ಲಿ ಮಾತಾಡಿಸಿ. ಟಿಕೆಟ್ಟನ್ನು ಮುಂಚಿನ ದಿನಕ್ಕೆ ಬದಲಿಸಿ ಊರಿಗೆ ಬೇಗ ಕಳಿಸುವುದು ಸರಿಯಾದ ಚಿಕಿತ್ಸೆಯೇ ಆಗಿರಬಹುದು.

ಕಾಯಿಲೆ ಬಿದ್ದರೆ

ಜ್ವರ, ಮೂತ್ರದ ಉರಿ, ಸಣ್ಣ ಗಾಯಕ್ಕೆ ಅರ್ಜೆಂಟ್ ಕೇರ್ ಎಂಬ ಕ್ಲಿನಿಕ್. ಎದೆನೋವು, ಉಸಿರಾಟದ ಕಷ್ಟ, ಮುಖ ವಾಲುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ತುರ್ತು ನೆರವಿನ ನಂಬರ್ 911ಕ್ಕೆ ಕರೆ. ಬಿಲ್ಲಿನ ಭಯಕ್ಕೆ ಬೆಳಗಾಗಲಿ ಎಂದು ಕಾಯಬೇಡಿ. 1986ರ ಕಾನೂನಿನ ಪ್ರಕಾರ ತುರ್ತು ವಿಭಾಗದವರು ಹಣ ಕೊಡುವ ಶಕ್ತಿ ನೋಡದೆ ಮೊದಲು ಪರೀಕ್ಷಿಸಿ, ಸ್ಥಿತಿ ಸ್ಥಿರಗೊಳಿಸಲೇಬೇಕು. ಆಸ್ಪತ್ರೆಗಳಲ್ಲಿ ಫೋನಿನ ಮೂಲಕ ದುಭಾಷಿ ಸೇವೆ ಇರುತ್ತದೆ. ಮಕ್ಕಳು ಹತ್ತಿರ ಇಲ್ಲದಿದ್ದರೆ 'ಕನ್ನಡ' ಎಂದು ಕೇಳಿ. ಮನೆಯಲ್ಲಿ ಒಬ್ಬರೇ ಇದ್ದಾಗ ಬೇಕಾಗುತ್ತದೆಂದು ಮನೆಯ ವಿಳಾಸ, ಮಕ್ಕಳ ಎರಡು ನಂಬರ್, ಕಾಯಿಲೆಗಳ ಹೆಸರು, ಮಾತ್ರೆಗಳ ಪಟ್ಟಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿನ ಹಿಂದೆ ಅಂಟಿಸಿಡಿ.

ಊರಿಗೆ ವಾಪಸ್ ಹೊರಡುವ ಮೂರು ವಾರ ಮುಂಚೆ ಮಾತ್ರೆ ಎಣಿಸಿ, ಪ್ರಯಾಣ ಒಂದು ವಾರ ತಡವಾದರೂ ಸಾಲುವಷ್ಟಿರಲಿ. ಐ-94ರ ತಾರೀಕಿಗೆ ಕನಿಷ್ಠ ಹತ್ತು ದಿನ ಮುಂಚಿನ ಟಿಕೆಟ್ ಇಟ್ಟುಕೊಂಡರೆ ವಿಮಾನ ರದ್ದಾದರೂ ಗಾಬರಿಯಿಲ್ಲ. ಊರಿಗೆ ಬಂದ ಮೇಲೂ ಮೊದಲ ಹತ್ತು ದಿನಕ್ಕೆ ಅದೇ ನಿಯಮ: ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಹೊತ್ತಿಗೆ ಊಟ, ಹಗಲು ಬೆಳಕಿನಲ್ಲಿ ನಡಿಗೆ. ಎರಡು ವಾರ ಬಿಟ್ಟು ಬಿಪಿ, ಎಚ್‌ಬಿಎ1ಸಿ ಮಾಡಿಸಿ, ಹೋಗುವ ಮುಂಚಿನ ವರದಿಯ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಿ.